ಸೀಲಿಂಗ್‌ನಲ್ಲಿ ಕಂದು ಉಂಗುರ, ಗೋಡೆಯಲ್ಲಿ ಬಿಳಿ ಪುಡಿ: ಒಡೆಯದೆ ನೀರಿನ ಮೂಲ ಹಿಡಿಯುವುದು ಹೇಗೆ?

ಮಧ್ಯದಮಹಡಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಮ್ಮದು ಕಾಂಕ್ರೀಟ್ ಸ್ಲ್ಯಾಬಿನ ಮನೆ. ನಮ್ಮ ಮೇಲೆ ಇನ್ನೊಂದು ಮನೆ, ಅದರ ಮೇಲೆ ತಾರಸಿ. ಮೂರು ಜಾಗದಲ್ಲಿ ತೇವದ ಗುರುತು ಕಾಣುತ್ತಿದೆ.

ಊಟದ ಕೋಣೆಯ ಸೀಲಿಂಗ್‌ನಲ್ಲಿ ತಟ್ಟೆಯಗಲದ ಕಲೆ. ನಡುವೆ ತಿಳಿಹಳದಿ, ಅಂಚಿಗೆ ಕಂದು ಗೆರೆ. ಮುಟ್ಟಿದರೆ ಒದ್ದೆ ಅನ್ನಿಸುವುದಿಲ್ಲ. ಮೇಲಿನ ಮನೆಯ ಬಚ್ಚಲು ಇದರ ನೇರ ಮೇಲೆ ಇಲ್ಲ, ಸುಮಾರು 2 ಮೀಟರ್ ಪಕ್ಕಕ್ಕಿದೆ. ಕಲೆಯ ಹತ್ತಿರವೇ ಫ್ಯಾನಿನ ಹುಕ್ ಇದೆ.

ಮಲಗುವ ಕೋಣೆಯ ಹೊರಗೋಡೆಯಲ್ಲಿ, ಕಿಟಕಿಯ ಕೆಳಮೂಲೆಯಿಂದ ಶುರುವಾಗಿ, ಬಣ್ಣ ಹೊಪ್ಪಳೆ ಎದ್ದಿದೆ. ಕೆರೆದರೆ ಪುಟ್ಟಿ ಹಿಟ್ಟಿನಂತೆ ಉದುರುತ್ತದೆ, ಒಳಗೆ ಬಿಳಿ ಪುಡಿ.

ಅದೇ ಕೋಣೆಯ ಇನ್ನೊಂದು ಮೂಲೆಯಲ್ಲಿ, ಗೋಡೆಗೆ ಒತ್ತಿಟ್ಟ ಬೀರುವಿನ ಹಿಂದೆ, ಕಪ್ಪು ಚುಕ್ಕೆಗಳು ಮತ್ತು ಮುಗ್ಗು ವಾಸನೆ. ಬಟ್ಟೆಗಳಿಗೂ ವಾಸನೆ ಹತ್ತಿದೆ.

ನೋಡಲು ಬಂದ ಒಬ್ಬರು ಮೇಲಿನ ಬಚ್ಚಲು ಪೂರ್ತಿ ಒಡೆಯಬೇಕು ಎಂದರು. ಇನ್ನೊಬ್ಬರು ಒಳಗಿನಿಂದ ವಾಟರ್‌ಪ್ರೂಫ್ ಕೋಟಿಂಗ್ ಹೊಡೆದರೆ ಸಾಕು ಎಂದರು. ಮೇಲಿನ ಮನೆಯವರು ಒಳ್ಳೆಯವರು, ಯಾವ ಪರೀಕ್ಷೆಗಾದರೂ ಬಾಗಿಲು ತೆಗೆಯುತ್ತೇವೆ, ಆದರೆ ಕಾರಣ ಖಚಿತವಾಗದೆ ಟೈಲ್ಸ್ ಒಡೆಸುವುದಿಲ್ಲ ಎನ್ನುತ್ತಾರೆ. ಅವರ ಮಾತು ನ್ಯಾಯವಾಗಿಯೇ ಇದೆ. ಒಡೆಯುವ ಮೊದಲು ಏನೇನು ಪರೀಕ್ಷೆ, ಯಾವ ಕ್ರಮದಲ್ಲಿ ಮಾಡಬೇಕು? ತಿಳಿದವರು ದಯವಿಟ್ಟು ವಿವರವಾಗಿ ಹೇಳಿ.

ಗಿಲಾವಿನಕೈ

ಮೊದಲು ಕರೆಂಟಿನ ಮಾತು. ಕಲೆಯ ಪಕ್ಕ ಫ್ಯಾನಿನ ಹುಕ್ ಇದೆ ಎಂದಿರಿ. ಸ್ಲ್ಯಾಬಿನೊಳಗೆ ಹಾಕಿರುವ ವೈರಿಂಗ್ ಪೈಪು ನೀರಿಗೆ ಸಲೀಸಾದ ದಾರಿ. ಎಲ್ಲೋ ಇಳಿದ ನೀರು ಆ ಪೈಪಿನೊಳಗೆ ಹರಿದು ಫ್ಯಾನ್ ಬಾಕ್ಸಿನಲ್ಲೋ ಲೈಟ್ ಪಾಯಿಂಟಿನಲ್ಲೋ ಹೊರಬರುತ್ತದೆ. ಆ ಸರ್ಕ್ಯೂಟಿನ ಎಂಸಿಬಿ (ಬೋರ್ಡಿನಲ್ಲಿರುವ ಸುರಕ್ಷತಾ ಸ್ವಿಚ್) ಇಳಿಸಿ, ಟೆಸ್ಟರಿನಿಂದ ಕರೆಂಟ್ ಇಲ್ಲವೆಂದು ನೋಡಿಕೊಂಡು, ಫ್ಯಾನಿನ ಕಪ್ ಕೆಳಗಿಳಿಸಿ ಬಾಕ್ಸಿನೊಳಗೆ ಟಾರ್ಚ್ ಬಿಡಿ. ತುಕ್ಕು, ನೀರು ಒಣಗಿದ ಬಿಳಿ ಗೆರೆ, ಹಸಿರುಗಟ್ಟಿದ ತಾಮ್ರದ ತುದಿ ಕಂಡರೆ ನೀರು ಆ ದಾರಿಯಲ್ಲಿ ಬಂದಿದೆ. ಮನೆಯ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಸ್ವಿಚ್) ಇತ್ತೀಚೆಗೆ ಕಾರಣವಿಲ್ಲದೆ ಟ್ರಿಪ್ ಆಗುತ್ತಿದ್ದರೆ ಅದನ್ನೂ ತೇವದ ಸುಳಿವು ಎಂದೇ ಎಣಿಸಿ. ಬಾಕ್ಸಿನಲ್ಲಿ ಒದ್ದೆ ಇದ್ದರೆ ಎಲೆಕ್ಟ್ರಿಷಿಯನ್ ನೋಡುವವರೆಗೆ ಆ ಎಂಸಿಬಿ ಮೇಲೆತ್ತಬೇಡಿ.

ಎರಡನೆಯದು, ಮೂರು ಗುರುತಿಗೂ ಒಂದೇ ಕಾರಣ ಎಂದುಕೊಳ್ಳಬೇಡಿ. ನೀವು ಬರೆದದ್ದನ್ನು ಓದಿದರೆ ಮೂರಕ್ಕೆ ಮೂರು ಬೇರೆ ಕಾರಣ ಇರುವ ಹಾಗೇ ಕಾಣುತ್ತದೆ. ಸೀಲಿಂಗ್‌ನ ಉಂಗುರ ಮೇಲಿನಿಂದ ಆಗಾಗ ಇಳಿದು ಒಣಗುವ ನೀರಿನದು. ಕಿಟಕಿ ಮೂಲೆಯದು ಮಳೆನೀರಿನದು ಇರಬಹುದು. ಬೀರುವಿನ ಹಿಂದಿನ ಬೂಸ್ಟಿಗೆ ಸೋರಿಕೆಯೇ ಬೇಕಿಲ್ಲ, ಕೋಣೆಯ ಹಬೆ ತಣ್ಣನೆ ಗೋಡೆಯ ಮೇಲೆ ಕೂತರೂ ಸಾಕು. ಬಚ್ಚಲು ಒಡೆದರೆ ಮೊದಲನೆಯದು ನಿಂತೀತು, ಉಳಿದೆರಡು ಹಾಗೇ ಉಳಿದಾವು.

ಕಂದು ಅಂಚು ಆಗುವುದು ಹೀಗೆ: ಸ್ಲ್ಯಾಬು ಗಿಲಾವಿನ ಮೂಲಕ ಬರುವ ನೀರು ಅಲ್ಲಿನ ಬಣ್ಣ, ಧೂಳು, ತುಕ್ಕನ್ನು ಕರಗಿಸಿಕೊಂಡು ಬರುತ್ತದೆ. ಕಲೆಯ ಅಂಚಿನಲ್ಲಿ ನೀರು ಬೇಗ ಆರುವುದರಿಂದ ಆ ಕೊಳೆಯೆಲ್ಲ ಅಲ್ಲೇ ಗೆರೆಯಾಗಿ ನಿಲ್ಲುತ್ತದೆ. ಗೆರೆಯೊಳಗೆ ಗೆರೆ ಇದ್ದರೆ ಹಲವು ಸಲ ನೆನೆದು ಒಣಗಿದೆ. ಸದಾ ಸೋರುವ ಜಾಗದಲ್ಲಿ ಉಂಗುರಕ್ಕಿಂತ ಒದ್ದೆ ಮಚ್ಚೆಯೇ ಹೆಚ್ಚು ಕಾಣುತ್ತದೆ. ಹಾಗಾಗಿ ನಿಮ್ಮದು ಬಿಟ್ಟುಬಿಟ್ಟು ಬರುವ ನೀರು ಎಂಬ ಅನುಮಾನ ನನ್ನದು. ಇಪ್ಪತ್ತನಾಲ್ಕು ಗಂಟೆ ಒತ್ತಡ ಇರುವ ನಲ್ಲಿ ಪೈಪಿಗಿಂತ ಡ್ರೈನ್ ಪೈಪು ಅಥವಾ ನೆಲದ ಮೇಲೆ ಅನುಮಾನ ಜಾಸ್ತಿ. ಆದರೆ ಇದು ಅನುಮಾನ ಅಷ್ಟೇ, ಪರೀಕ್ಷೆಯೇ ತೀರ್ಮಾನ ಹೇಳಬೇಕು.

ಕಲೆ ಇರುವ ಜಾಗ ನೀರು ಹೊರಬಂದ ಜಾಗ, ಒಳಹೊಕ್ಕ ಜಾಗವಲ್ಲ. ಕಾಂಕ್ರೀಟಿನಲ್ಲಿ ನೀರು ನೆಟ್ಟಗೆ ಇಳಿಯುವುದಿಲ್ಲ. ಸ್ಲ್ಯಾಬಿನ ಮೇಲ್ಮೈಯಲ್ಲಿ ಇಳಿಜಾರು ಇದ್ದತ್ತ ಹರಿದು, ಜೊಳ್ಳು ಕಾಂಕ್ರೀಟು, ಬಿರುಕು, ವೈರಿಂಗ್ ಪೈಪು, ಫ್ಯಾನ್ ಹುಕ್ಕಿನ ಸುತ್ತಲಿನ ಸಂದು ಸಿಕ್ಕಲ್ಲಿ ಇಳಿಯುತ್ತದೆ. 2 ಮೀಟರ್ ಪಕ್ಕ ಎಂಬುದು ಏನೇನೂ ದೂರವಲ್ಲ.

ಇವತ್ತೇ ಮಾಡಬಹುದಾದ ಕೆಲಸ: ಪೆನ್ಸಿಲಿನಿಂದ ಕಲೆಯ ಅಂಚಿನ ಮೇಲೇ ಗೆರೆ ಎಳೆದು ತಾರೀಕು ಬರೆಯಿರಿ. ಒಂದು ಪುಸ್ತಕದಲ್ಲಿ ಮಳೆ ಬಂದ ಹೊತ್ತು, ಮೇಲಿನವರು ಸ್ನಾನ ಮಾಡುವ ಹೊತ್ತು, ಬಟ್ಟೆ ಒಗೆಯುವ ಯಂತ್ರ ಓಡಿದ ಹೊತ್ತು, ಕಲೆ ಒದ್ದೆಯಾದ ಹೊತ್ತು ಬರೆದಿಡಿ. ಎರಡು ವಾರದ ಈ ಲೆಕ್ಕ ಯಾವ ಯಂತ್ರಕ್ಕಿಂತ ಹೆಚ್ಚು ಹೇಳುತ್ತದೆ. ಮಳೆಗಾಲದಲ್ಲಿ ಮಾತ್ರ ಬಂದರೆ ಹೊರಗಿನ ನೀರು. ವರ್ಷವಿಡೀ ಒಂದೇ ಸಮ ಇದ್ದರೆ ಒತ್ತಡದ ಪೈಪು. ಬಳಕೆಯ ನಂತರ ಹೆಚ್ಚಾದರೆ ಡ್ರೈನ್ ಅಥವಾ ನೆಲ.

ಆಮೇಲೆ ತಟ್ಟಿ ನೋಡುವುದು. ಸ್ಕ್ರೂಡ್ರೈವರಿನ ಹಿಡಿಯಿಂದ, ಕಲೆಯ ಹೊರಗಿನ ಗಟ್ಟಿ ಜಾಗದಿಂದ ಒಳಕ್ಕೆ ಬರುತ್ತ ತಟ್ಟಿ. ಟಣ್ ಎನ್ನುವುದು ಎಲ್ಲಿ ಡಬ್ ಎನ್ನುವ ಪೊಳ್ಳು ಸದ್ದಾಗುತ್ತದೋ ಅಲ್ಲಿ ಗಿಲಾವು ಬಿಟ್ಟಿದೆ. ಆ ಗಡಿಯನ್ನೂ ಪೆನ್ಸಿಲಿನಲ್ಲಿ ಗುರುತಿಸಿ. ಸೀಲಿಂಗ್ ತಟ್ಟುವಾಗ ಕಣ್ಣಿಗೆ ಕನ್ನಡಕ ಇರಲಿ, ಪೊಳ್ಳು ಜಾಗದ ನೇರ ಕೆಳಗೆ ನಿಲ್ಲಬೇಡಿ. ಬಿಟ್ಟ ಗಿಲಾವು ತಟ್ಟಿದಾಗಲೇ ಹಲಗೆಯಂತೆ ಕಳಚಿ ಬೀಳಬಹುದು.

ನಲ್ಲಿಜಾಯಿಂಟು

ಗಿಲಾವಿನಕೈ ಅವರು ಹೇಳಿದ್ದಕ್ಕೆ ನನ್ನ ಒಪ್ಪಿಗೆ ಇದೆ. ಬಚ್ಚಲಿನ ಪರೀಕ್ಷೆಯ ಕ್ರಮ ನಾನು ಬರೆಯುತ್ತೇನೆ. ಒಂದು ಸಲಕ್ಕೆ ಒಂದೇ ಮೂಲವನ್ನು ಪರೀಕ್ಷಿಸಬೇಕು. ಒಂದೇ ದಿನ ಎಲ್ಲಕ್ಕೂ ನೀರು ಬಿಟ್ಟರೆ ಕೆಳಗೆ ನೀರು ಕಂಡರೂ ಎಲ್ಲಿಂದ ಬಂತೆಂದು ಹೇಳಲಾಗುವುದಿಲ್ಲ. ಪರೀಕ್ಷೆಗಳ ನಡುವೆ ಕನಿಷ್ಠ 24 ಗಂಟೆ ಬಿಡಿ.

ಮೊದಲು ನೀರು ಬರುವ ಪೈಪು. ಮೇಲಿನ ಮನೆಗೆ ಪ್ರತ್ಯೇಕ ಮೀಟರ್ ಇದ್ದರೆ ಎಲ್ಲ ನಲ್ಲಿ ಮುಚ್ಚಿ, ಫ್ಲಶ್ ಟ್ಯಾಂಕಿನ ಆಂಗಲ್ ವಾಲ್ವನ್ನೂ ಮುಚ್ಚಿ, ಅಂಕಿ ಬರೆದುಕೊಂಡು 2 ಗಂಟೆ ಬಿಟ್ಟು ನೋಡಿ. ಫ್ಲಶ್ ಟ್ಯಾಂಕಿನ ವಾಲ್ವು ತೆರೆದಿದ್ದರೆ ಕಮೋಡಿನೊಳಗೆ ಸದ್ದಿಲ್ಲದೆ ಇಳಿಯುವ ನೀರು ಮೀಟರನ್ನು ತಿರುಗಿಸಿ ದಾರಿ ತಪ್ಪಿಸುತ್ತದೆ. ಆ ಸೋರಿಕೆ ಇದೆಯೇ ಎಂದು ಬೇರೆಯಾಗಿ ನೋಡಲು ಫ್ಲಶ್ ಟ್ಯಾಂಕಿಗೆ ಅಡುಗೆ ಬಣ್ಣ ಹಾಕಿ ಅರ್ಧ ಗಂಟೆ ಫ್ಲಶ್ ಮಾಡದೆ ಬಿಡಿ, ಕಮೋಡಿನಲ್ಲಿ ಬಣ್ಣ ಕಂಡರೆ ಒಳಗಿನ ವಾಷರ್ ಹೋಗಿದೆ.

ಮೀಟರ್ ಇಲ್ಲದೆ ತಾರಸಿಯ ಟ್ಯಾಂಕಿನಿಂದ ನೀರು ಬರುವುದಾದರೆ, ಆ ಟ್ಯಾಂಕು ಅವರ ಮನೆಯದು ಮಾತ್ರ ಆಗಿದ್ದಲ್ಲಿ, ರಾತ್ರಿ ಒಳಬರುವ ನೀರು ನಿಲ್ಲಿಸಿ ಮಟ್ಟ ಗುರುತಿಸಿ, ಬೆಳಗ್ಗೆ ಯಾರೂ ನಲ್ಲಿ ತಿರುಗಿಸುವ ಮೊದಲು ನೋಡಿ. 1 ಮೀಟರ್ ಅಡ್ಡಳತೆಯ ಗುಂಡು ಟ್ಯಾಂಕಿನಲ್ಲಿ 1 ಸೆಂ.ಮೀ. ಇಳಿದರೆ ಸುಮಾರು 7.9 ಲೀಟರ್ ಹೋಗಿದೆ. ಇದರಲ್ಲಿ ಸಣ್ಣ ಜಿನುಗು ಸಿಗುವುದಿಲ್ಲ, ದೊಡ್ಡದು ಮಾತ್ರ ಸಿಗುತ್ತದೆ.

ಸಣ್ಣದಕ್ಕೆ ಪ್ರೆಶರ್ ಟೆಸ್ಟ್ ಬೇಕು. ಪ್ಲಂಬರ್ ಬಳಿ ಗೇಜ್ ಇರುವ ಕೈಪಂಪು ಇರುತ್ತದೆ. ಗೀಸರನ್ನು ಬಿಚ್ಚಿ ಎರಡೂ ತುದಿಗೆ ಎಂಡ್ ಪ್ಲಗ್ ಹಾಕಿ, ನಲ್ಲಿಗಳನ್ನೂ ಬಿಚ್ಚಿ ಪ್ಲಗ್ ಹಾಕಿ. ಹಳೆಯ ನಲ್ಲಿಯ ವಾಷರೇ ಒತ್ತಡ ಬಿಟ್ಟುಕೊಟ್ಟರೆ ಪೈಪು ಸೋರುತ್ತಿದೆ ಎಂಬ ಸುಳ್ಳು ತೀರ್ಮಾನಕ್ಕೆ ಬರುತ್ತೀರಿ. ಪೈಪಿನೊಳಗಿನ ಗಾಳಿ ಪೂರ್ತಿ ಹೊರಹೋಗುವವರೆಗೆ ನೀರು ಹರಿಸಿ, ಪೈಪಿನಲ್ಲಿ ದಿನವೂ ಇರುವ ಒತ್ತಡದ ಒಂದೂವರೆ ಪಟ್ಟಿಗೆ ಏರಿಸಿ. ಪ್ಲಾಸ್ಟಿಕ್ ಪೈಪು ಮೊದಲು ಸ್ವಲ್ಪ ಹಿಗ್ಗುವುದರಿಂದ ಗೇಜಿನ ಮುಳ್ಳು ತಾನಾಗಿ ಇಳಿಯುತ್ತದೆ. ಅದಕ್ಕೇ ಅರ್ಧ ಗಂಟೆ ಬಿಟ್ಟು ಮತ್ತೆ ಅದೇ ಒತ್ತಡಕ್ಕೆ ತಂದು, ಅಲ್ಲಿಂದ ಒಂದು ಗಂಟೆ ನೋಡಿ. ತಣ್ಣೀರಿನ ಸಾಲು, ಬಿಸಿನೀರಿನ ಸಾಲು ಬೇರೆ ಬೇರೆ ಮಾಡಿ. ಬಿಸಿನೀರಿನ ಸಾಲಿನ ಕೆಲವು ಜಾಯಿಂಟುಗಳು ಬಿಸಿಯಾದಾಗ ಮಾತ್ರ ಬಿಡುತ್ತವೆ. ತಣ್ಣಗಿರುವಾಗ ಪಾಸಾದರೂ ಸ್ನಾನದ ಹೊತ್ತಿಗೆ ಕೆಳಗೆ ತೇವ ಏರುತ್ತಿದ್ದರೆ ಅದನ್ನು ನೆನಪಿಡಿ. ಗಾಳಿಯ ಕಂಪ್ರೆಸರ್ ಹಾಕಿ ಪ್ಲಾಸ್ಟಿಕ್ ಪೈಪು ಪರೀಕ್ಷಿಸುತ್ತೇನೆ ಎಂದವರನ್ನು ಖಂಡಿತ ತಡೆಯಿರಿ. ಪೈಪು ಒಡೆದರೆ ಚೂರುಗಳು ಸಿಡಿಯುತ್ತವೆ.

ಎರಡನೆಯದು ಡ್ರೈನು. ನೆಲ ಒದ್ದೆಯಾಗದಂತೆ, ನೆಲದ ಜಾಲರಿ ತೆಗೆದು, ಒಂದು ಪೈಪಿನ ತುದಿಯನ್ನು ನಹಾನಿ ಟ್ರ್ಯಾಪಿನೊಳಗೇ (ಬಚ್ಚಲ ನೆಲದ ನೀರು ಹೋಗುವ ಬಟ್ಟಲಿನಂಥ ಭಾಗ) ಇಟ್ಟು ಮೂರ್ನಾಲ್ಕು ಬಕೆಟ್ ನೀರು ಬಿಡಿ. ಕಾಲು ಗಂಟೆ ಬಿಟ್ಟು ಮತ್ತೆ. ಹೀಗೆ ಮೂರು ಸಲ. ವಾಶ್ ಬೇಸಿನ್, ಕಮೋಡು ಬೇರೆ ಬೇರೆ ದಿನ. ನೀರಿಗೆ ಬಣ್ಣ ಹಾಕಿದರೆ ಒಳ್ಳೆಯದು, ಬೇಸಿನ್ನಿಗೆ ಒಂದು, ಟ್ರ್ಯಾಪಿಗೆ ಇನ್ನೊಂದು. ಫ್ಲೂರೆಸಿನ್ ಎಂಬ ಹಸಿರು ಬಣ್ಣ ಸಿಕ್ಕರೆ ಇನ್ನೂ ಒಳ್ಳೆಯದು, ಅದು ನೇರಳಾತೀತ ಟಾರ್ಚಿನಲ್ಲಿ ಎಷ್ಟು ತೆಳುವಾಗಿದ್ದರೂ ಹೊಳೆಯುತ್ತದೆ. ಆದರೆ ಬಣ್ಣ ಕೆಳಗೆ ಬರಲಿಲ್ಲ ಎಂದ ಮಾತ್ರಕ್ಕೆ ಸೋರಿಕೆ ಇಲ್ಲ ಎಂದಲ್ಲ. ಇಟ್ಟಿಗೆ ಚೂರು, ಮರಳು, ಕಾಂಕ್ರೀಟು ಬಣ್ಣವನ್ನು ಹಿಡಿದುಕೊಳ್ಳುತ್ತವೆ. ಬಂದರೆ ಪುರಾವೆ, ಬಾರದಿದ್ದರೆ ಏನೂ ಅಲ್ಲ.

ಮೂರನೆಯದು ನೆಲ. ಟ್ರ್ಯಾಪಿನ ಹೊರಹೋಗುವ ಬಾಯಿಗೆ ರಬ್ಬರ್ ಟೆಸ್ಟ್ ಪ್ಲಗ್ ಹಾಕಿ. ಮೇಲಿನ ಜಾಲರಿಗೆ ಬಟ್ಟೆ ತುರುಕಿದರೆ ಟ್ರ್ಯಾಪು ಮತ್ತು ನೆಲ ಸೇರುವ ಸಂದು ಸರಿಯಾಗಿ ಪರೀಕ್ಷೆಗೆ ಒಳಗಾಗುವುದಿಲ್ಲ, ತಪ್ಪು ಹೆಚ್ಚಾಗಿ ಇರುವುದೇ ಅಲ್ಲಿ. ಬಾಗಿಲಿಗೆ ಮಣ್ಣಿನ ಅಥವಾ ಗಾರೆಯ ಸಣ್ಣ ಕಟ್ಟೆ ಕಟ್ಟಿ, ಅತಿ ತಗ್ಗಿನ ಜಾಗದಲ್ಲಿ 5 ಸೆಂ.ಮೀ. ಮೀರದಂತೆ ನೀರು ನಿಲ್ಲಿಸಿ 24 ಗಂಟೆ ಬಿಡಿ. ಗೋಡೆಗೆ ಟೇಪ್ ಅಂಟಿಸಿ ಮಟ್ಟ ಗುರುತಿಸಿ. ಪಕ್ಕದಲ್ಲೇ ಒಂದು ಅಗಲವಾದ ತಟ್ಟೆಯಲ್ಲಿ ಅಷ್ಟೇ ಆಳ ನೀರಿಟ್ಟು ಅದರ ಮಟ್ಟವನ್ನೂ ಗುರುತಿಸಿ. ತಟ್ಟೆಯಲ್ಲಿ 2 ಮಿ.ಮೀ., ನೆಲದಲ್ಲಿ 2 ಮಿ.ಮೀ. ಇಳಿದರೆ ಅದು ಆವಿಯಾದದ್ದು. ನೆಲದಲ್ಲಿ 8 ಇಳಿದರೆ ಉಳಿದ 6 ಎಲ್ಲೋ ಹೋಗಿದೆ.

ನಾಲ್ಕನೆಯದು ಗೋಡೆಯ ಟೈಲ್ಸು. ನೆಲದ ಪರೀಕ್ಷೆ ಪಾಸಾದ ಮೇಲೆ, ಶವರನ್ನು ಗೋಡೆಗೆ ತಿರುಗಿಸಿ 20 ನಿಮಿಷ. ಗ್ರೌಟು (ಟೈಲ್ಸ್ ನಡುವೆ ತುಂಬುವ ಗಾರೆ) ಹೋದ ಸಂದು, ನಲ್ಲಿಯ ಸುತ್ತಲ ತೂತು, ಗೋಡೆ ನೆಲ ಸೇರುವ ಮೂಲೆ ಇಲ್ಲಿ ಸಿಕ್ಕಿಬೀಳುತ್ತವೆ.

ಸ್ಲ್ಯಾಬುಕಂಬಿ

ನಲ್ಲಿಜಾಯಿಂಟು ಅವರ ಪಟ್ಟಿಗೆ ಎರಡು ಸೇರ್ಪಡೆ.

ನಿಂತ ನೀರಿಗೆ ತೂಕ ಇದೆ. ಒಂದು ಚದರ ಮೀಟರಿಗೆ 1 ಸೆಂ.ಮೀ. ಆಳ ಎಂದರೆ 10 ಕೆ.ಜಿ. ಬಚ್ಚಲಿನಲ್ಲಿ 5 ಸೆಂ.ಮೀ. ಯೋಚನೆ ಇಲ್ಲ. ಇದೇ ಪರೀಕ್ಷೆಯನ್ನು ಇಡೀ ತಾರಸಿಗೆ ಮಾಡುವವರು 5 ಸೆಂ.ಮೀ. ದಾಟಬೇಡಿ. ಸ್ಲ್ಯಾಬಿನಲ್ಲಿ ಕಂಬಿ ಕಾಣುತ್ತಿದ್ದರೆ, ಜೋಲು ಬಿದ್ದಿದ್ದರೆ ಇಂಜಿನಿಯರ್ ನೋಡದೆ ನೀರು ನಿಲ್ಲಿಸಲೇಬೇಡಿ.

ಎರಡನೆಯದು ಸಂಕನ್ ಸ್ಲ್ಯಾಬು. ಮೇಲಿನ ಬಚ್ಚಲಿನ ಕೆಳಗೆ ಸ್ಲ್ಯಾಬು ತಗ್ಗಿಸಿ ಇಟ್ಟಿಗೆ ಚೂರು ತುಂಬಿ ನೆಲ ಮಾಡಿದ್ದರೆ, ಆ ತೊಟ್ಟಿಯೊಳಗೆ ತಿಂಗಳುಗಟ್ಟಲೆ ನೀರು ನಿಂತಿರುತ್ತದೆ. "ನಾವು ಊರಿಗೆ ಹೋಗಿದ್ದೆವು, ಬಚ್ಚಲು ಬಳಸಲಿಲ್ಲ, ಆದರೂ ಸೋರಿತು, ಆದ್ದರಿಂದ ನಮ್ಮ ಬಚ್ಚಲಲ್ಲ" ಎಂಬ ಮಾತು ಇಲ್ಲಿ ನಿಲ್ಲುವುದಿಲ್ಲ. ತುಂಬಿದ ನೀರು ಬಳಕೆ ನಿಂತ ಮೇಲೂ ವಾರಗಟ್ಟಲೆ ಇಳಿಯಬಹುದು. ಹೀಗಾಗಿ ಸಂಕನ್ ಇರುವ ಕಡೆ 24 ಗಂಟೆಯಲ್ಲಿ ಕೆಳಗೆ ಏನೂ ಕಾಣದಿದ್ದರೆ 72 ಗಂಟೆಯವರೆಗೆ ಮುಂದುವರಿಸುವುದು ಒಳ್ಳೆಯದು. ಒಳಗಿನ ನೀರು ಹೊರಬರಲು ಸಣ್ಣ ಪೈಪೊಂದನ್ನು ಕೊಟ್ಟಿದ್ದಾರೆಯೇ ಎಂದು ಹೊರಗೋಡೆಯಲ್ಲಿ ಅಥವಾ ಡಕ್ಟಿನಲ್ಲಿ (ಪೈಪುಗಳು ಇಳಿಯುವ ಕಿರಿದಾದ ತೆರಪು) ನೋಡಿ. ಅದರ ಬಾಯಿ ಗಾರೆಯಿಂದ ಮುಚ್ಚಿಹೋಗಿರುವುದು ತೀರಾ ಸಾಮಾನ್ಯ. ಅದು ತೆರೆದು ನೀರು ಸುರಿದರೆ ಸಂಕನ್‌ನಲ್ಲಿ ನೀರಿದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಮಧ್ಯದಮಹಡಿ

ಎಲ್ಲರಿಗೂ ಧನ್ಯವಾದ. ಮೇಲಿನ ಬಚ್ಚಲು ಸಂಕನ್ ಸ್ಲ್ಯಾಬೇ ಎಂದು ತಿಳಿಯಿತು. ಪ್ಲಂಬರನ್ನು ಕರೆಸಿ ಈ ಕ್ರಮದಲ್ಲೇ ಮಾಡಿಸುತ್ತೇವೆ. ಈ ನಡುವೆ ಪರಿಚಯದವರೊಬ್ಬರು ಗೋಡೆಗೆ ಚುಚ್ಚಿ ಅಳೆಯುವ ಎರಡು ಮುಳ್ಳಿನ ತೇವ ಮಾಪಕ ಕೊಟ್ಟರು. ಕಿಟಕಿ ಮೂಲೆಯಲ್ಲಿ ಅಂಕಿ ಕೊನೆಯವರೆಗೂ ಹೋಗುತ್ತದೆ, ಬೀರುವಿನ ಹಿಂದೆ ಅದಕ್ಕಿಂತ ಕಡಿಮೆ, ಸೀಲಿಂಗ್ ಕಲೆಯಲ್ಲಿ ಇನ್ನೂ ಕಡಿಮೆ. ಮೂರೂ ಜಾಗ ಶೇಕಡಾ ಎಷ್ಟು ತೇವ ಎಂದು ಹೇಗೆ ಓದುವುದು? ಥರ್ಮಲ್ ಕ್ಯಾಮೆರಾ ತರಿಸುವುದು ಉಪಯೋಗವೇ?

ತೇವದಲೆಕ್ಕ

ಆ ಮಾಪಕದ ಶೇಕಡಾ ಅಂಕಿ ಮರಕ್ಕೆ ಮಾಡಿದ್ದು. ಮರದಲ್ಲಿ 20 ದಾಟಿದರೆ ಕೊಳೆಯುವ ಭಯ ಎಂಬ ಮಾತು ಮರಕ್ಕೆ ಸರಿ. ಗಿಲಾವಿನಲ್ಲಿ ಅದೇ 20 ಎಂದರೆ ಶೇಕಡಾ 20 ನೀರು ಅಲ್ಲ. ಗೋಡೆಯಲ್ಲಿ ಅದನ್ನು ಹೆಚ್ಚು ಕಡಿಮೆ ನೋಡುವುದಕ್ಕೆ ಮಾತ್ರ ಬಳಸಿ. ಮೊದಲು ಅದೇ ಮನೆಯಲ್ಲಿ ಅದೇ ಗಿಲಾವು, ಅದೇ ಬಣ್ಣ ಇರುವ ಖಚಿತವಾಗಿ ಒಣಗಿದ ಒಳಗೋಡೆಯಲ್ಲಿ ಹತ್ತು ಕಡೆ ಅಳೆದು ಆ ಅಂಕಿಯನ್ನು ಆಧಾರ ಮಾಡಿಕೊಳ್ಳಿ.

ನಂತರ ಅನುಮಾನದ ಜಾಗದಲ್ಲಿ 30 ಸೆಂ.ಮೀ.ಗೆ ಒಂದರಂತೆ ಪೆನ್ಸಿಲಿನಲ್ಲಿ ಚೌಕ ಎಳೆದು ಪ್ರತಿ ಚುಕ್ಕೆಯಲ್ಲೂ ಅಳೆದು ಅಂಕಿಯನ್ನು ಗೋಡೆಯ ಮೇಲೇ ಬರೆಯಿರಿ, ಫೋಟೊ ತೆಗೆದಿಡಿ. ಒಂದೇ ಅಂಕಿ ಏನೂ ಹೇಳುವುದಿಲ್ಲ, ಅಂಕಿಗಳ ಆಕಾರ ಹೇಳುತ್ತದೆ. ನಡುವೆ ಎತ್ತರ, ಸುತ್ತ ಇಳಿಯುತ್ತ ಹೋದರೆ ಒಂದು ಬಿಂದುವಿನಿಂದ ಬರುವ ಸೋರಿಕೆ. ನೆಲದ ಬಳಿ ಗರಿಷ್ಠ, ಸುಮಾರು 1 ಮೀಟರ್ ಎತ್ತರದೊಳಗೆ ಇಳಿದುಹೋದರೆ ನೆಲದಿಂದ ಏರುವ ತೇವ. ಅದು ಮಣ್ಣಿಗೆ ತಾಗಿದ ಗೋಡೆಯ ಕಥೆ, ಮೇಲಿನ ಮಹಡಿಯಲ್ಲಿ ಬಚ್ಚಲ ಪಕ್ಕದ ಗೋಡೆಯ ಬುಡದಲ್ಲಿ ಹಾಗೆ ಕಂಡರೆ ಬಚ್ಚಲ ನೆಲವನ್ನೇ ಅನುಮಾನಿಸಿ. ಕಿಟಕಿಯ ಮೂಲೆಯಿಂದ ಬೀಸಣಿಗೆಯಂತೆ ಕೆಳಕ್ಕೆ ಹರಡಿದರೆ ಕಿಟಕಿಯ ಸಂದು.

ನಿಮ್ಮ ಕಿಟಕಿ ಮೂಲೆಯಲ್ಲಿ ಅಂಕಿ ಕೊನೆಗೆ ಹೋದದ್ದನ್ನು ಈಗಲೇ ನಂಬಬೇಡಿ. ಬಿಳಿ ಪುಡಿ ಎಂದರೆ ಉಪ್ಪು. ಆ ಮಾಪಕ ಅಳೆಯುವುದು ಎರಡು ಮುಳ್ಳುಗಳ ನಡುವೆ ವಿದ್ಯುತ್ತು ಎಷ್ಟು ಸಲೀಸಾಗಿ ಹರಿಯುತ್ತದೆ ಎಂಬುದನ್ನು. ಸ್ವಲ್ಪವೇ ತೇವ ಇದ್ದರೂ ಉಪ್ಪಿದ್ದರೆ ಅಂಕಿ ಜಿಗಿಯುತ್ತದೆ. ಅದೂ ಅಲ್ಲದೆ ಕೆಲವು ಉಪ್ಪುಗಳು ಗಾಳಿಯಿಂದಲೇ ತೇವ ಹೀರುತ್ತವೆ. ಸೋರಿಕೆ ನಿಂತ ಮೇಲೂ ಮೋಡದ ದಿನ ಆ ಮಚ್ಚೆ ಒದ್ದೆಯಂತೆ ಕಾಣುತ್ತದೆ. ಒಣ ಬ್ರಷ್ಷಿನಿಂದ ಉಪ್ಪು ತೆಗೆದು, ಹೊಪ್ಪಳೆ ಎದ್ದ ಪುಟ್ಟಿ ಕೆರೆದು, ಗೋಡೆಯ ಒಳಗೆ 2–3 ಸೆಂ.ಮೀ. ಆಳದಲ್ಲಿ ಅಳೆಯಿರಿ. ನೀರು ಹಾಕಿ ತೊಳೆಯಬೇಡಿ, ಉಪ್ಪು ಕರಗಿ ಮತ್ತೆ ಒಳಗೇ ಹೋಗುತ್ತದೆ.

ಪೂರ್ತಿ ಖಚಿತ ಬೇಕಿದ್ದರೆ ತೂಗಿ ನೋಡುವುದೇ ದಾರಿ. ಡ್ರಿಲ್ಲನ್ನು ನಿಧಾನ ವೇಗದಲ್ಲಿ ಓಡಿಸಿ (ಜೋರಾಗಿ ಓಡಿದರೆ ಬಿಸಿಗೆ ಪುಡಿ ಅಲ್ಲೇ ಒಣಗುತ್ತದೆ), 3 ರಿಂದ 5 ಸೆಂ.ಮೀ. ಆಳದ ಪುಡಿಯನ್ನು ತಕ್ಷಣ ಬಿಗಿ ಮುಚ್ಚಳದ ಡಬ್ಬಿಗೆ ಹಾಕಿ. 0.1 ಗ್ರಾಂ ತೋರಿಸುವ ತಕ್ಕಡಿಯಲ್ಲಿ ತೂಗಿ, 105 ಡಿಗ್ರಿ ಸೆಲ್ಸಿಯಸ್ ಓವನ್ನಿನಲ್ಲಿ ತೂಕ ಇಳಿಯುವುದು ನಿಲ್ಲುವವರೆಗೆ ಒಣಗಿಸಿ ಮತ್ತೆ ತೂಗಿ. 52 ಗ್ರಾಂ ಇದ್ದದ್ದು 50 ಆದರೆ 2 ಗ್ರಾಂ ನೀರು, ಒಣ ತೂಕದ ಶೇಕಡಾ 4. ಜಿಪ್ಸಮ್ ಗಿಲಾವಾದರೆ 105 ಡಿಗ್ರಿ ಸಲ್ಲದು. ಜಿಪ್ಸಮ್ಮಿನ ಹರಳಿನೊಳಗಿನ ನೀರೂ ಹೊರಬಂದು ಒಣ ಗೋಡೆಯೂ ಒದ್ದೆ ಎಂದು ತೋರಿಸುತ್ತದೆ. ಅದಕ್ಕೆ 40 ಡಿಗ್ರಿ, ಹೆಚ್ಚು ಹೊತ್ತು. ಕೊರೆಯುವ ಮೊದಲು ಆ ಗೋಡೆಯಲ್ಲಿ ಪೈಪು, ವೈರು ಎಲ್ಲಿದೆ ನೋಡಿಕೊಳ್ಳಿ.

ಮುಳ್ಳಿಲ್ಲದ, ಗೋಡೆಗೆ ಒತ್ತುವ ಮಾಪಕಗಳು ತೂತು ಮಾಡುವುದಿಲ್ಲ, ಬೇಗ ಹುಡುಕಬಹುದು. ಆದರೆ ಹಿಂದೆ ಕಂಬಿ, ಲೋಹದ ಪೈಪು, ಫಾಯಿಲ್ ಇದ್ದರೆ ಅಲ್ಲೂ ತೇವ ಎನ್ನುತ್ತವೆ.

ಥರ್ಮಲ್ ಕ್ಯಾಮೆರಾ ನೀರನ್ನು ನೋಡುವುದಿಲ್ಲ, ಮೇಲ್ಮೈಯ ಉಷ್ಣತೆಯನ್ನು ನೋಡುತ್ತದೆ. ಒದ್ದೆ ಜಾಗ ಆರುತ್ತಿರುವಾಗ ತಣ್ಣಗಾಗಿ ನೀಲಿಯಾಗಿ ಕಾಣುತ್ತದೆ. ಎಸಿ ಗಾಳಿ ಬಡಿಯುವ ಜಾಗ, ಕಾಂಕ್ರೀಟ್ ಬೀಮು, ಹೊರಗೋಡೆಯ ಮೂಲೆ ಇವೂ ನೀಲಿಯೇ. ಹೊಳೆಯುವ ಟೈಲ್ಸಿನಲ್ಲಿ ಕ್ಯಾಮೆರಾ ಹಿಡಿದವರ ಮೈಬಿಸಿಯೇ ಪ್ರತಿಬಿಂಬವಾಗಿ ಕಾಣುತ್ತದೆ. ಬರೀ ನೀಲಿ ಚಿತ್ರ ತೋರಿಸಿ ಒಡೆಯಿರಿ ಎಂದರೆ ಒಪ್ಪಬೇಡಿ, ಅದೇ ಜಾಗದಲ್ಲಿ ಮಾಪಕದ ಅಂಕಿ ಕೇಳಿ. ಅದನ್ನು ಚೆನ್ನಾಗಿ ದುಡಿಸುವ ವಿಧಾನ ಬೇರೆ ಇದೆ: ಪರೀಕ್ಷೆಯ ಜೊತೆ ಬಳಸುವುದು. ಎಸಿ, ಫ್ಯಾನ್ ನಿಲ್ಲಿಸಿ ಸೀಲಿಂಗ್‌ನ ಒಂದು ಚಿತ್ರ ತೆಗೆದಿಡಿ. ಮೇಲೆ ಟ್ರ್ಯಾಪಿಗೆ ಬಿಸಿನೀರು ಬಿಡಿಸಿ, ಹತ್ತು ನಿಮಿಷಕ್ಕೊಂದರಂತೆ ಅದೇ ಕೋನದಿಂದ ಚಿತ್ರ ತೆಗೆಯುತ್ತ ಹೋಗಿ. ಜೋರು ಸೋರಿಕೆಯಾದರೆ ನೀರಿನ ದಾರಿ ಬೆಚ್ಚಗೆ ಮೂಡುತ್ತದೆ. ಸಂಕನ್ ತುಂಬಿದ ಕಡೆ ಬಿಸಿ ದಾರಿಯಲ್ಲೇ ಆರಿಹೋಗಬಹುದು, ಆಗ ಏನೂ ಮೂಡದಿದ್ದರೂ ಟ್ರ್ಯಾಪು ಸರಿಯಿದೆ ಎಂದಾಗಲಿಲ್ಲ.

ಇನ್ನು ಬೀರುವಿನ ಹಿಂದಿನ ಗೋಡೆ. ಅಲ್ಲಿ ಕ್ಯಾಮೆರಾ ಬೇಡ, ಪ್ಲಾಸ್ಟಿಕ್ ಹಾಳೆ ಸಾಕು. ಮೇಲ್ಮೈಯನ್ನು ಒರೆಸಿ ಒಣಗಿಸಿ 45 ಸೆಂ.ಮೀ. ಚೌಕದ ಪಾರದರ್ಶಕ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪ್ ಹಾಕಿ ಗಾಳಿಯಾಡದಂತೆ ಅಂಟಿಸಿ, ಒಂದು ದಿನ ಬಿಡಿ. ಹನಿ ಕೋಣೆಯ ಕಡೆಯ ಮೈಮೇಲೆ ಇದ್ದರೆ ಗಾಳಿಯ ಹಬೆ ಕೂತಿದೆ. ಹಾಳೆಯ ಹಿಂದೆ, ಗೋಡೆಯ ಕಡೆ ಇದ್ದರೆ ಗೋಡೆಯೊಳಗಿಂದ ಬರುತ್ತಿದೆ. ಬಣ್ಣ ಉದುರುವ ಗೋಡೆಯಲ್ಲಿ ಟೇಪ್ ಹಿಡಿಯುವುದಿಲ್ಲ, ಕೆರೆದು ಅಂಟಿಸಿ.

ಹಬೆಯ ಲೆಕ್ಕ ಹೀಗೆ. ಕೋಣೆ 25 ಡಿಗ್ರಿ, ಗಾಳಿಯ ತೇವ ಶೇಕಡಾ 80 ಇದ್ದರೆ, 21 ಡಿಗ್ರಿಯ ಗೋಡೆಯ ಮೇಲೆ ನೀರು ಕೂರಲು ಶುರುವಾಗುತ್ತದೆ. ತೇವ ಶೇಕಡಾ 60ಕ್ಕೆ ಇಳಿದರೆ ಗೋಡೆ 17 ಡಿಗ್ರಿಗಿಂತ ತಣ್ಣಗಾಗಬೇಕು. ಬೀರು ಒತ್ತಿಟ್ಟರೆ ಹಿಂದಿನ ಹೊರಗೋಡೆಗೆ ಕೋಣೆಯ ಬಿಸಿ ತಲುಪುವುದಿಲ್ಲ, ಗಾಳಿಯೂ ಆಡುವುದಿಲ್ಲ. ಹನಿ ಕೂರುವಷ್ಟು ತಣ್ಣಗಾಗುವ ಮೊದಲೇ ಬೂಸ್ಟು ಬೆಳೆಯುತ್ತದೆ. ಹಾಳೆ ಪರೀಕ್ಷೆಯಲ್ಲಿ ಹಿಂಬದಿ ಒಣಗಿದ್ದರೆ ಬೀರುವನ್ನು 10 ಸೆಂ.ಮೀ. ಮುಂದಕ್ಕೆ ತಂದು, ಬೂಸ್ಟು ಒರೆಸಿ, ಗಾಳಿಯ ತೇವ ತೋರಿಸುವ ಸಣ್ಣ ಮಾಪಕವನ್ನು ಹಿಂದೆ ಇಟ್ಟು ಶೇಕಡಾ 60ರ ಕೆಳಗೆ ಇರುವಂತೆ ಗಾಳಿಯಾಡಿಸಿ. ಒರೆಸುವಾಗ ಮುಖಕ್ಕೆ ಎನ್95 ಮಾಸ್ಕು, ಒದ್ದೆ ಬಟ್ಟೆ. ಒಣಗಿದ್ದಾಗ ಉಜ್ಜಿದರೆ ಬೀಜಕಣ ಇಡೀ ಕೋಣೆಗೆ ಹಾರುತ್ತದೆ. ಬ್ಲೀಚಿಂಗ್ ದ್ರಾವಣದ ಜೊತೆ ಆಸಿಡ್ಡನ್ನಾಗಲಿ ಅಮೋನಿಯಾ ಇರುವ ಕ್ಲೀನರನ್ನಾಗಲಿ ಎಂದೂ ಬೆರೆಸಬೇಡಿ, ವಿಷದ ಅನಿಲ ಬರುತ್ತದೆ.

ಬಿಳಿಯದು ಉಪ್ಪೋ ಬೂಸ್ಟೋ ಎಂಬ ಗೊಂದಲ ಇದ್ದರೆ ಒಂದು ಹನಿ ನೀರು ಬಿಡಿ. ಸಾಮಾನ್ಯವಾಗಿ ಉಪ್ಪು ಕರಗಿ ಮಾಯವಾಗುತ್ತದೆ, ಬೂಸ್ಟು ಅಂಟಿಕೊಂಡು ಕೂರುತ್ತದೆ.

ಗಿಲಾವಿನಕೈ

ಕಿಟಕಿಗೆ ನಾನು ಹೇಳುತ್ತೇನೆ. ಮಳೆ ಕಾಯುವ ಅಗತ್ಯವಿಲ್ಲ, ಪೈಪು ಸಾಕು. ಒಬ್ಬರು ಒಳಗೆ ಟಾರ್ಚ್ ಹಿಡಿದು ನಿಲ್ಲಲಿ. ಹೊರಗಿನಿಂದ ನೀರನ್ನು ಚಿಮ್ಮಿಸದೆ, ಗೋಡೆಯ ಮೇಲೆ ತೆಳ್ಳಗೆ ಹರಿಯುವಂತೆ ಬಿಡಬೇಕು. ಶುರು ಮಾಡುವುದು ಕೆಳಗಿನಿಂದ: ಮೊದಲು ಕಿಟಕಿಯ ಕೆಳಗಿನ ಗೋಡೆ 15 ನಿಮಿಷ, ಆಮೇಲೆ ಕಿಟಕಿಯ ಹಾಸುಗಲ್ಲು, ಆಮೇಲೆ ಎರಡು ಬದಿ, ಆಮೇಲೆ ಮೇಲಂಚು, ಕೊನೆಗೆ ಸಜ್ಜಾ ಗೋಡೆ ಸೇರುವ ಜಾಗ. ಮೇಲಿನಿಂದ ಶುರು ಮಾಡಿದರೆ ನೀರು ಎಲ್ಲದರ ಮೇಲೂ ಹರಿದು, ಯಾವ ಸಂದಿನಲ್ಲಿ ಒಳಹೊಕ್ಕಿತು ಎಂದು ತಿಳಿಯುವುದೇ ಇಲ್ಲ. ಮಹಡಿಯ ಕಿಟಕಿಗೆ ಹೊರಗಿನಿಂದ ತೂಗಾಡುವ ಕೆಲಸ ಮಾಡಬೇಡಿ, ಮೇಲಿನ ಮನೆಯ ಕಿಟಕಿಯಿಂದ ಪೈಪು ಇಳಿಬಿಟ್ಟು, ತುದಿ ಬೇಕಾದ ಎತ್ತರಕ್ಕೆ ಬರುವಂತೆ ಹಗ್ಗ ಕಟ್ಟಿ.

ಸಾಮಾನ್ಯವಾಗಿ ಸಿಗುವ ತಪ್ಪುಗಳು: ಹಾಸುಗಲ್ಲು ಹೊರಕ್ಕೆ ಇಳಿಜಾರಾಗದೆ ಒಳಕ್ಕೆ ವಾಲಿರುವುದು, ಅದರ ತಳದಲ್ಲಿ ನೀರನ್ನು ತಡೆದು ಕೆಳಗೆ ಬೀಳಿಸುವ ಸಣ್ಣ ತೋಡು ಇಲ್ಲದೆ ನೀರು ಕಲ್ಲಿನ ತಳಕ್ಕೆ ಅಂಟಿ ಗೋಡೆಗೆ ವಾಪಸ್ ಬರುವುದು, ಅಲ್ಯೂಮಿನಿಯಂ ಚೌಕಟ್ಟಿನ ಕೆಳಪಟ್ಟಿಯ ನೀರು ಹೋಗುವ ತೂತುಗಳಿಗೆ ಧೂಳು ತುಂಬಿರುವುದು. ಕೊನೆಯದಕ್ಕೆ ಒಂದು ಕಡ್ಡಿ ಸಾಕು, ಎಲ್ಲಕ್ಕಿಂತ ಮೊದಲು ಅದನ್ನು ನೋಡಿ. ಹತ್ತಿರ ಎಸಿಯ ನೀರಿನ ಪೈಪು ಗೋಡೆಯಲ್ಲಿ ಹಾದಿದ್ದರೆ ಅದರಲ್ಲೂ ಒಂದು ಲೋಟ ಬಣ್ಣದ ನೀರು ಬಿಟ್ಟು ನೋಡಿ.

ಒಳಗಿನಿಂದ ಕೋಟಿಂಗ್ ಹೊಡೆಯುವ ಸಲಹೆ ನಿಮಗೆ ಬಂದಿದೆ. ನೀರು ಬರುವ ದಾರಿ ಹೊರಗೆ ತೆರೆದಿರುವಾಗ ಒಳಮೈ ಮುಚ್ಚಿದರೆ ನೀರು ಗೋಡೆಯಲ್ಲೇ ನಿಂತು ಪಕ್ಕದಲ್ಲಿ ಹೊರಬರುತ್ತದೆ, ಉಪ್ಪು ಕೋಟಿಂಗಿನ ಹಿಂದೆ ಹರಳುಗಟ್ಟಿ ಅದನ್ನೇ ಗಿಲಾವಿನ ಸಮೇತ ಎತ್ತಿ ಬೀಳಿಸುತ್ತದೆ.

ಸ್ಲ್ಯಾಬುಕಂಬಿ

ಫಾಲ್ಸ್ ಸೀಲಿಂಗ್ ಇರುವವರೂ ಓದುತ್ತಿರಬಹುದು, ಅವರಿಗೆ ಒಂದು ಮಾತು. ಜಿಪ್ಸಮ್ ಹಲಗೆಯ ಮೇಲೆ ಬಿದ್ದ ನೀರು ಲೋಹದ ಚಾನೆಲ್ ಹಿಡಿದು ಹರಿದು ಎಲ್ಲೋ ಸ್ಕ್ರೂ ತೂತಿನಲ್ಲಿ ಇಳಿಯುತ್ತದೆ. ಸ್ಕ್ರೂ ತಲೆಗಳ ಜಾಗದಲ್ಲಿ ಸಾಲಾಗಿ ತುಕ್ಕಿನ ಚುಕ್ಕೆ ಕಂಡರೆ ಅದೇ ಮೊದಲ ಸುಳಿವು. ಲೈಟಿನ ತೂತಿನಿಂದ, ಕರೆಂಟ್ ತೆಗೆದ ಮೇಲೆ, ಮೊಬೈಲಿಗೆ ಜೋಡಿಸುವ ಎಂಡೊಸ್ಕೋಪ್ ಕ್ಯಾಮೆರಾ ಬಿಟ್ಟರೆ ಮೇಲಿನ ಸ್ಲ್ಯಾಬು ಕಾಣುತ್ತದೆ, ಹೊಸ ತೂತು ಬೇಕಾಗುವುದಿಲ್ಲ. ಹಲಗೆ ಹೊಟ್ಟೆಯಂತೆ ಕೆಳಗೆ ಉಬ್ಬಿದ್ದರೆ ಕೆಳಗಿನ ಸಾಮಾನು ಸರಿಸಿ, ಮೇನ್ ಆಫ್ ಮಾಡಿ, ಪಕ್ಕದಲ್ಲಿ ನಿಂತು ಉಬ್ಬಿನ ಅತಿ ತಗ್ಗಿನಲ್ಲಿ ಸ್ಕ್ರೂಡ್ರೈವರಿನಿಂದ ಸಣ್ಣ ತೂತು ಮಾಡಿ ಬಕೆಟ್ಟಿಗೆ ನೀರಿಳಿಸಿ. ಹಾಗೇ ಬಿಟ್ಟರೆ ಇಡೀ ಹಲಗೆ ಬೀಳುತ್ತದೆ.

ನಿಮ್ಮ ಸ್ಲ್ಯಾಬಿಗೆ ಬರುತ್ತೇನೆ. ಸೀಲಿಂಗ್ ಗಿಲಾವು ಪೊಳ್ಳಾಗಿದ್ದರೆ ಅಷ್ಟನ್ನು ಉದುರಿಸಲೇಬೇಕು. ಆಗ ಕಾಂಕ್ರೀಟಿನ ತಳ ನೋಡಿ. ನೇರ ಗೆರೆಯಲ್ಲಿ ಬಿರುಕು, ಅದರ ಉದ್ದಕ್ಕೂ ತುಕ್ಕಿನ ಬಣ್ಣ ಇದ್ದರೆ ಒಳಗಿನ ಕಂಬಿ ತುಕ್ಕು ಹಿಡಿದಿದೆ. ತುಕ್ಕು ಕಬ್ಬಿಣಕ್ಕಿಂತ ಹಲವು ಪಟ್ಟು ಜಾಗ ಬೇಡುತ್ತದೆ, ಅದಕ್ಕೇ ಕಂಬಿಯ ಕೆಳಗಿನ 20 ಮಿ.ಮೀ. ಆಸುಪಾಸಿನ ಕಾಂಕ್ರೀಟ್ ಪದರವನ್ನು (ಕವರ್) ಒಡೆದು ತಳ್ಳುತ್ತದೆ. ಹೊಸದಾಗಿ ಒಡೆದ ಕಾಂಕ್ರೀಟ್ ಮೈಗೆ ಫಿನಾಲ್ಫ್ತಲೀನ್ ದ್ರಾವಣ ಸಿಂಪಡಿಸಿದರೆ ಗಾಢ ಗುಲಾಬಿ ಆಗಬೇಕು. ಬಣ್ಣ ಬಾರದ ಪದರ ಕಂಬಿಯವರೆಗೂ ಹೋಗಿದ್ದರೆ ಕಾಂಕ್ರೀಟು ಕಂಬಿಯನ್ನು ಕಾಯುವ ಕ್ಷಾರಗುಣ ಕಳೆದುಕೊಂಡಿದೆ. ಅಲ್ಲಿಂದ ಮುಂದೆ ಅದು ಪ್ಲಂಬರ್ ಕೆಲಸವಲ್ಲ, ಸ್ಟ್ರಕ್ಚರಲ್ ಇಂಜಿನಿಯರ್ ನೋಡಬೇಕು. ತಳದಲ್ಲಿ ಸುಣ್ಣದ ಬಿಳಿ ಕಡ್ಡಿಗಳು ಇಳಿಬಿದ್ದಿದ್ದರೆ ನೀರು ಬಹಳ ಕಾಲದಿಂದ ಸ್ಲ್ಯಾಬಿನ ಮೂಲಕವೇ ಬರುತ್ತಿದೆ ಎಂದರ್ಥ.

ಮಧ್ಯದಮಹಡಿ

ಪರೀಕ್ಷೆ ಮುಗಿಯಿತು. ತಣ್ಣೀರು, ಬಿಸಿನೀರು ಎರಡೂ ಸಾಲಿನ ಒತ್ತಡ ಇಳಿಯದೆ ನಿಂತಿತು. ಟ್ರ್ಯಾಪಿಗೆ ನೇರ ನೀರು ಬಿಟ್ಟಾಗಲೂ ಕೆಳಗೆ ಏನೂ ಬರಲಿಲ್ಲ. ನೆಲದಲ್ಲಿ ನೀರು ನಿಲ್ಲಿಸಿದಾಗ ತಟ್ಟೆಗಿಂತ ನೆಲದ ಮಟ್ಟ ಸ್ಪಷ್ಟವಾಗಿ ಹೆಚ್ಚು ಇಳಿಯಿತು, ಮರುದಿನ ಫ್ಯಾನ್ ಹುಕ್ಕಿನ ಬಳಿ ಹನಿ ಮೂಡಿತು. ಕಿಟಕಿಯಲ್ಲಿ ಹಾಸುಗಲ್ಲಿನ ಹಂತಕ್ಕೆ ಬಂದಾಗ ಒಳಗೆ ಒದ್ದೆ ಕಂಡಿತು. ಬೀರುವಿನ ಗೋಡೆಯಲ್ಲಿ ಹಾಳೆಯ ಹಿಂಬದಿ ಒಣಗಿತ್ತು. ಈಗ ಮೇಲಿನವರು ಟ್ರ್ಯಾಪಿನ ಸುತ್ತ ಮಾತ್ರ ತೆರೆಯಲು ಒಪ್ಪಿದ್ದಾರೆ. ಅಷ್ಟು ಸಾಕೇ? ನಮ್ಮ ಸೀಲಿಂಗ್‌ಗೆ ಬಣ್ಣ ಯಾವಾಗ ಹೊಡೆಯಬಹುದು?

ನಲ್ಲಿಜಾಯಿಂಟು

ಟ್ರ್ಯಾಪಿನ ಸುತ್ತ ತೆರೆಯುವುದು ಸರಿಯಾದ ಆರಂಭ, ಆದರೆ ನೆಲದ ಪರೀಕ್ಷೆ ಸೋತದ್ದು ಟ್ರ್ಯಾಪಿನ ಸಂದಿನಿಂದಲೋ ಗೋಡೆ ನೆಲದ ಮೂಲೆಯಿಂದಲೋ ಇನ್ನೂ ಗೊತ್ತಿಲ್ಲ. ಒಡೆಯುವ ಮೊದಲು ಇನ್ನೊಂದು ಹಂತ ಮಾಡಿ. ಮೊದಲ ಪರೀಕ್ಷೆಯ ಹನಿ ಪೂರ್ತಿ ನಿಂತ ಮೇಲೆ, ಟ್ರ್ಯಾಪಿನ ಸುತ್ತ ಒಂದಡಿ ಬಿಟ್ಟು ಗಾರೆಯ ಉಂಗುರ ಕಟ್ಟೆ ಕಟ್ಟಿ, ಪ್ಲಗ್ ಹಾಗೇ ಇಟ್ಟು, ಕಟ್ಟೆಯೊಳಗೆ ಮಾತ್ರ ನೀರು ನಿಲ್ಲಿಸಿ. ಅದರಲ್ಲೇ ಮಟ್ಟ ಇಳಿದರೆ ಟ್ರ್ಯಾಪಿನ ಸುತ್ತ. ಇಳಿಯದಿದ್ದರೆ ಒಳಗೆ ಒಣಗಿಸಿ, ಕಟ್ಟೆಯ ಹೊರಗೆ ನಿಲ್ಲಿಸಿ.

ತೆರೆದಾಗ ಟೈಲ್ಸಿನ ಕೆಳಗಿನ ವಾಟರ್‌ಪ್ರೂಫ್ ಪದರ ಟ್ರ್ಯಾಪಿನ ಕುತ್ತಿಗೆಯವರೆಗೆ ಬಂದು ಅದಕ್ಕೆ ಅಂಟಿಕೊಂಡಿದೆಯೇ ನೋಡಿ. ಅದು ಅಲ್ಲಿಗೆ ಕೆಲವು ಸೆಂ.ಮೀ. ಮುನ್ನವೇ ನಿಂತಿದ್ದರೆ, ಮೇಲೆ ಎಷ್ಟು ಗ್ರೌಟು ಹಾಕಿದರೂ ನಿಲ್ಲದು. ಸಂಕನ್‌ನೊಳಗೆ ನೀರಿದ್ದರೆ ಅದನ್ನು ಹೊರತೆಗೆಸದೆ ಮುಚ್ಚಬೇಡಿ. ದುರಸ್ತಿಯಾದ ಮೇಲೆ, ಟೈಲ್ಸ್ ಹಾಕುವ ಮೊದಲು, ಇದೇ ಆಳ ಇದೇ ಹೊತ್ತು ನೀರು ನಿಲ್ಲಿಸಿ ಮತ್ತೆ ಪರೀಕ್ಷಿಸಿ.

ತೇವದಲೆಕ್ಕ

ಬಣ್ಣಕ್ಕೆ ದಿನದ ಲೆಕ್ಕ ಹಾಕಬೇಡಿ, ಅಂಕಿಯ ಲೆಕ್ಕ ಹಾಕಿ. ದುರಸ್ತಿಯ ನಂತರವೂ ಸಂಕನ್‌ನಲ್ಲಿ ಉಳಿದ ನೀರು ಇಳಿಯುತ್ತಲೇ ಇರುತ್ತದೆ, ಅದನ್ನು ಕಂಡು ದುರಸ್ತಿ ಸೋತಿತು ಎಂದುಕೊಳ್ಳುವವರು ಬಹಳ. ವಾರಕ್ಕೊಮ್ಮೆ ಅದೇ ಚುಕ್ಕೆಗಳಲ್ಲಿ ಅಳೆಯಿರಿ. ಅಂಕಿ ಪ್ರತಿ ವಾರ ಇಳಿಯುತ್ತಿದ್ದರೆ ಒಣಗುತ್ತಿದೆ, ಬಳಕೆಯ ದಿನ ಮತ್ತೆ ಏರಿದರೆ ಇನ್ನೊಂದು ದಾರಿ ತೆರೆದಿದೆ. ಒಣ ಗೋಡೆಯ ಆಧಾರ ಅಂಕಿಗೆ ಸಮೀಪ ಬಂದು, ಸತತ ಎರಡು ಮೂರು ವಾರ ಅಲ್ಲೇ ನಿಂತ ಮೇಲೆ ಗಿಲಾವಿಗೆ ಕೈ ಹಾಕಿ. ಕಾಂಕ್ರೀಟು ಆರುವುದು ತಿಂಗಳುಗಳ ಕೆಲಸ, ಫ್ಯಾನ್ ಗಾಳಿ ಸಹಾಯ ಮಾಡುತ್ತದೆ, ಹೀಟರ್ ಹತ್ತಿರ ಹಿಡಿದು ಅವಸರ ಮಾಡಿದರೆ ಮೇಲ್ಮೈ ಮಾತ್ರ ಒಣಗಿ ಮಾಪಕವನ್ನು ಮೋಸಗೊಳಿಸುತ್ತದೆ.

ಹಳೆಯ ಕಂದು ಉಂಗುರದ ಮೇಲೆ ನೀರಿನ ಬಣ್ಣ ನೇರ ಹೊಡೆದರೆ ಕಲೆ ಕರಗಿ ಮತ್ತೆ ಮೇಲೆ ಬರುತ್ತದೆ. ಗಿಲಾವು ಗಟ್ಟಿಯಿದ್ದು ಉಳಿಸಿಕೊಂಡ ಭಾಗಕ್ಕೆ ಮೊದಲು ನೀರಿನದ್ದಲ್ಲದ, ಕಲೆ ತಡೆಯುವ ಪ್ರೈಮರ್ ಒಂದು ಕೋಟು ಹೊಡೆಸಿ, ಆರಿದ ಮೇಲೆ ಬಣ್ಣ. ಕಿಟಕಿ ಗೋಡೆಯಲ್ಲಿ ಉಪ್ಪು ತಿಂದ ಗಿಲಾವನ್ನು ಕಣ್ಣಿಗೆ ಕಾಣುವ ಅಂಚಿನಿಂದ 30 ಸೆಂ.ಮೀ. ಆಚೆಯವರೆಗೆ ತೆಗೆಸಿ, ಉದುರಿದ್ದನ್ನು ಹೊಸ ಗಾರೆಗೆ ಬೆರೆಸಲು ಬಿಡಬೇಡಿ.